ಗಾಳಿ ಕಣಿವೆಯ ನೌಸಿಕಾ

ಜಪಾನಿನ ಹಯಾವೊ ಮಿಯಾಜಾಕಿ ಬರೆದು ನಿರ್ದೇಶಿಸಿದ ಅನಿಮೇಷನ್ ಚಿತ್ರ. 1984ರ ಮಾರ್ಚ್ 11ರಂದು ಜಪಾನಿನಲ್ಲಿ ತೆರೆಕಂಡಿತು. ಅವಧಿ 117 ನಿಮಿಷ. ನಿರ್ಮಾಪಕ ಇಸಾವೊ ತಕಾಹಾತಾ, ಸಂಗೀತ ಜೋ ಹಿಸಾಯ್ಶಿ. ಚಿತ್ರ ತಯಾರಾದದ್ದು ಟಾಪ್‌ಕ್ರಾಫ್ಟ್ ಸ್ಟುಡಿಯೋದಲ್ಲಿ. ಇದರ ಯಶಸ್ಸಿನ ಬಲದಿಂದಲೇ 1985ರಲ್ಲಿ ಸ್ಟುಡಿಯೋ ಜಿಬ್ಲಿ ಹುಟ್ಟಿಕೊಂಡಿತು. ಹಾಗಾಗಿ ಈ ಚಿತ್ರ ಜಿಬ್ಲಿಗಿಂತ ಹಿಂದಿನದಾದರೂ ಆ ಸಂಸ್ಥೆಯ ಚಿತ್ರಗಳ ಸಾಲಿನಲ್ಲೇ ಇದನ್ನು ಸೇರಿಸುವುದು ರೂಢಿ.

ಕೈಗಾರಿಕಾ ನಾಗರಿಕತೆ ಕುಸಿದು 1000 ವರ್ಷ ಕಳೆದಿದೆ. 'ಬೆಂಕಿಯ ಏಳು ದಿನಗಳು' ಎಂದು ನೆನಪಿನಲ್ಲಿ ಉಳಿದಿರುವ ಯುದ್ಧದಲ್ಲಿ, ಮನುಷ್ಯರೇ ಸೃಷ್ಟಿಸಿದ ದೈತ್ಯ ಯೋಧರು ಊರುಗಳನ್ನೆಲ್ಲ ಸುಟ್ಟುಹಾಕಿದ್ದರು. ಉಳಿದ ನೆಲವನ್ನು ಅಣಬೆ, ಬೂಷ್ಟುಗಳ ವಿಷಕಾಡು ವರ್ಷವರ್ಷವೂ ಆವರಿಸುತ್ತ ಬರುತ್ತಿದೆ. ಮುಖವಾಡ ತೊಡದೆ ಅದರೊಳಗೆ ಹೋದವರ ಶ್ವಾಸಕೋಶ ಐದೇ ನಿಮಿಷದಲ್ಲಿ ಕೊಳೆಯುತ್ತದೆ. ಆ ಕಾಡನ್ನು ಕಾಯುವವು ದೈತ್ಯ ಕೀಟಗಳು. ಅವುಗಳಲ್ಲಿ ಓಮು ಎಂಬವು ಗುಡ್ಡದಷ್ಟು ದೊಡ್ಡವು. ಶಾಂತವಾಗಿದ್ದಾಗ ಅವುಗಳ ಕಣ್ಣು ನೀಲಿ, ಕೆರಳಿದಾಗ ಕೆಂಪು. ಕಡಲ ಕಡೆಯಿಂದ ಬೀಸುವ ಗಾಳಿ ವಿಷದ ಬೀಜಕಣಗಳನ್ನು ಹತ್ತಿರ ಸುಳಿಯಗೊಡದ ಕಾರಣ ಒಂದು ಪುಟ್ಟ ಕಣಿವೆಯ ಜನ ಗಾಳಿಯಂತ್ರಗಳ ನಡುವೆ ಬೇಸಾಯ ಮಾಡಿಕೊಂಡು ಬದುಕಿದ್ದಾರೆ. ಅಲ್ಲಿನ ದೊರೆಯ ಮಗಳು ನೌಸಿಕಾ. ಎಲ್ಲರೂ ಹೆದರುವ ಕಾಡಿಗೆ ಅವಳು ಕುತೂಹಲದಿಂದ ಹೋಗುತ್ತಾಳೆ.

ಟೋಲ್ಮೆಕಿಯಾ ಸಾಮ್ರಾಜ್ಯದ ವಿಮಾನವೊಂದು ಕಣಿವೆಯಲ್ಲಿ ಬಿದ್ದು ಒಡೆಯುತ್ತದೆ. ಅದರಲ್ಲಿದ್ದದ್ದು ಪೆಜಿಟೆ ಎಂಬ ನಗರದಿಂದ ದೋಚಿದ ದೈತ್ಯ ಯೋಧನ ಭ್ರೂಣ. ಅದರ ಬೆನ್ನಿಗೇ ರಾಜಕುಮಾರಿ ಕುಶಾನಾಳ ಸೇನೆ ಬಂದಿಳಿದು ಕಣಿವೆಯನ್ನು ವಶಪಡಿಸಿಕೊಳ್ಳುತ್ತದೆ. ದೈತ್ಯನನ್ನು ಎಬ್ಬಿಸಿ ಕಾಡನ್ನು ಸುಟ್ಟುಬಿಡುವುದು ಅವಳ ಹಂಚಿಕೆ. ಹಾಸಿಗೆ ಹಿಡಿದಿದ್ದ ತಂದೆಯನ್ನು ಸೈನಿಕರು ಕೊಂದದ್ದನ್ನು ಕಂಡ ನೌಸಿಕಾ ಕೋಪದ ಭರದಲ್ಲಿ ಅವರನ್ನು ಹೊಡೆದು ಕೊಲ್ಲುತ್ತಾಳೆ. ಗುರು ಯೂಪಾ ನಡುವೆ ನುಗ್ಗಿ, ಅವಳ ಕತ್ತಿಯ ಏಟನ್ನು ತನ್ನ ತೋಳಿನ ಮೇಲೆ ತೆಗೆದುಕೊಂಡ ಮೇಲೆಯೇ ಅವಳು ನಿಲ್ಲುವುದು. ಚಿತ್ರದ ಯುದ್ಧವಿರೋಧ ಗಟ್ಟಿಯಾಗುವುದು ಇಲ್ಲಿಂದ. ಕೊಲ್ಲುವುದೆಂದರೇನೆಂದು ತನ್ನ ಕೈಯಿಂದಲೇ ತಿಳಿದವಳು ಇನ್ನು ಯಾರನ್ನೂ ಕೊಲ್ಲಲಾರೆ ಎನ್ನುತ್ತಾಳೆ. ಆ ಮಾತಿಗೆ ಉಪದೇಶದ ಸೋಂಕಿಲ್ಲ. ಎದುರಾಳಿಗಳೂ ರಾಕ್ಷಸರಲ್ಲ. ಕುಶಾನಾ ಕೀಟಗಳ ದಾಳಿಯಲ್ಲಿ ಅಂಗ ಕಳೆದುಕೊಂಡವಳು. ಊರು ಕಳೆದುಕೊಂಡ ಪೆಜಿಟೆಯವರು ಸೇಡಿಗಾಗಿ ಓಮುವಿನ ಮರಿಯೊಂದನ್ನು ಚುಚ್ಚಿ ಹಿಂಸಿಸಿ, ರೊಚ್ಚಿಗೆದ್ದ ಹಿಂಡನ್ನು ಕಣಿವೆಯ ಮೇಲೆ ಹರಿಯಬಿಡುತ್ತಾರೆ. ಪೆಟ್ಟು ತಿಂದವರೇ ಪೆಟ್ಟು ಕೊಡುವವರಾಗುವುದನ್ನು ಇಷ್ಟು ನೇರವಾಗಿ ತೋರಿಸಿದ ಮಕ್ಕಳ ಚಿತ್ರಗಳು ವಿರಳ.

ಚಿತ್ರದ ತಿರುಳು ಕಾಡಿನ ತಳದಲ್ಲಿದೆ. ಉಸುಕಿನಲ್ಲಿ ಕುಸಿದು ಕೆಳಗೆ ಬಿದ್ದ ನೌಸಿಕಾ ಮತ್ತು ಪೆಜಿಟೆಯ ಹುಡುಗ ಆಸ್ಬೆಲ್ ಅಲ್ಲಿ ಮುಖವಾಡವಿಲ್ಲದೆ ಉಸಿರಾಡುತ್ತಾರೆ. ಮೇಲಿನ ಮರಗಳು ಮನುಷ್ಯರು ಕೆಡಿಸಿದ ಮಣ್ಣಿನ ವಿಷವನ್ನು ಹೀರಿ, ತಾವು ಕಲ್ಲಾಗಿ, ಶುದ್ಧ ಮರಳಾಗಿ ಉದುರುತ್ತಿವೆ. ಅರಮನೆಯ ನೆಲಮಾಳಿಗೆಯಲ್ಲಿ ಆಳದ ಬಾವಿಯ ನೀರುಣಿಸಿ ಅವಳು ಬೆಳೆಸಿದ್ದ ಅದೇ ಗಿಡಗಳು ವಿಷ ಕಾರಿರಲಿಲ್ಲ. ಹಾಗಾದರೆ ಕಾಡು ಶತ್ರುವಲ್ಲ, ಅದನ್ನು ಸುಡುವುದೇ ಆತ್ಮಹತ್ಯೆ. ಈ ಕಲ್ಪನೆಗೆ ಮಿನಾಮಾತಾ ಕೊಲ್ಲಿಯ ದುರಂತವೂ ಪ್ರೇರಣೆ ಎಂದು ಮಿಯಾಜಾಕಿ ಹೇಳಿಕೊಂಡಿದ್ದಾರೆ. ಚಿಸ್ಸೊ ರಾಸಾಯನಿಕ ಕಾರ್ಖಾನೆ ಪಾದರಸದ ತ್ಯಾಜ್ಯವನ್ನು ಆ ಕೊಲ್ಲಿಗೆ ಬಿಟ್ಟಿತ್ತು. ಅಲ್ಲಿನ ಮೀನು ತಿಂದವರ ನರಮಂಡಲ ಕೆಟ್ಟಿತು. ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಮೀನುಗಾರಿಕೆ ನಿಂತ ಮೇಲೆ ಆ ವಿಷದ ನೀರಿನಲ್ಲೇ ಮೀನುಗಳು ಹಿಂಡುಹಿಂಡಾಗಿ ಹೆಚ್ಚಿದವೆಂಬ ಸುದ್ದಿ ಮಿಯಾಜಾಕಿಯವರ ಮನಸ್ಸಿನಲ್ಲಿ ನಾಟಿತು. ನಾಯಕಿಗೆ ಮೂಲ ಎರಡು: ಹೋಮರನ 'ಒಡಿಸ್ಸಿ'ಯ ರಾಜಕುಮಾರಿ ನೌಸಿಕಾ, ಮತ್ತು ಜಪಾನಿನ ಹಳೆಯ ಕತೆಯೊಂದರಲ್ಲಿ ಬರುವ, ಕಂಬಳಿಹುಳುಗಳನ್ನು ಪ್ರೀತಿಸುವ ಹುಡುಗಿ.

ಕಾಮಿಕ್‌ನ ಆಧಾರವಿಲ್ಲದ ಚಿತ್ರಕ್ಕೆ ಹಣ ಹೂಡಲು ಯಾರೂ ಒಪ್ಪದಿದ್ದಾಗ, 'ಅನಿಮೇಜ್' ಪತ್ರಿಕೆಯ ತೋಶಿಯೊ ಸುಜುಕಿ ಮತ್ತು ಸಂಗಡಿಗರ ಒತ್ತಾಸೆಯಿಂದ ಮಿಯಾಜಾಕಿ 1982ರಲ್ಲಿ ಅದೇ ಪತ್ರಿಕೆಯಲ್ಲಿ ನೌಸಿಕಾಳ ಕಾಮಿಕ್ ಧಾರಾವಾಹಿ ಆರಂಭಿಸಿದರು. ಓದುಗರು ಮೆಚ್ಚಿದರು, ಚಿತ್ರಕ್ಕೆ ದಾರಿಯಾಯಿತು. ಅರೆಬೆಂದ ದೈತ್ಯ ಯೋಧ ಎದ್ದು, ಬೆಂಕಿ ಉಗುಳಿ, ಕರಗಿ ಬೀಳುವ ದೃಶ್ಯವನ್ನು ಬಿಡಿಸಿದವರು ಆಗಿನ್ನೂ ಎಳೆಯರಾಗಿದ್ದ ಹಿದೆಯಾಕಿ ಆನ್ನೊ. ಮುಂದೆ 1995ರಲ್ಲಿ ಅವರು 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್' ಸರಣಿ ನಿರ್ದೇಶಿಸಿದರು. ನೌಸಿಕಾಳ ಬಾಲ್ಯದ ನೆನಪಿನ ಹಾಡಿಗೆ ದನಿಯಾದವಳು ಹಿಸಾಯ್ಶಿಯವರ ಪುಟ್ಟ ಮಗಳು ಮಾಯ್.

ಕೊನೆಯಲ್ಲಿ ಓಮುಗಳ ಹಿಂಡಿನ ಮುಂದೆ ನಿಂತ ನೌಸಿಕಾ ಸಾಯುತ್ತಾಳೆ; ಓಮುಗಳ ಹೊನ್ನಿನ ಬಣ್ಣದ ಎಳೆಗಳು ಅವಳನ್ನು ಮತ್ತೆ ಬದುಕಿಸುತ್ತವೆ. ನೋಡುಗರ ಗಂಟಲು ಕಟ್ಟುವ ದೃಶ್ಯ ಅದು. ಆದರೆ ಪವಾಡದ ಆಸರೆ ಪಡೆದ ಮುಕ್ತಾಯ. ಅಲ್ಲಿಯವರೆಗೆ ಬಾವಿನೀರು, ಮಣ್ಣು, ಬೇರುಗಳ ಮೂಲಕ ಯೋಚಿಸಿದ ಚಿತ್ರ ಇಲ್ಲಿ ರಕ್ಷಕನೊಬ್ಬ ಬರುವನೆಂಬ ಹಳೆಯ ಭವಿಷ್ಯವಾಣಿಗೆ ಶರಣಾಗುತ್ತದೆ. ಈ ಧಾರ್ಮಿಕ ಛಾಯೆ ಮಿಯಾಜಾಕಿಗೂ ತೃಪ್ತಿ ತರಲಿಲ್ಲ.

1985ರಲ್ಲಿ ಅಮೆರಿಕದಲ್ಲಿ 'ವಾರಿಯರ್ಸ್ ಆಫ್ ದ ವಿಂಡ್' ಎಂಬ ಹೆಸರಿನಿಂದ ಬಿಡುಗಡೆಯಾದ ರೂಪದಲ್ಲಿ 20ಕ್ಕೂ ಹೆಚ್ಚು ನಿಮಿಷಗಳ ಭಾಗ ಕತ್ತರಿಗೆ ಸಿಕ್ಕಿ, ನೌಸಿಕಾಳ ಹೆಸರು ಜಾಂಡ್ರಾ ಎಂದಾಯಿತು. ಪರಿಸರದ ಮಾತು ಹೋಗಿ ಬರೀ ಸಾಹಸ ಉಳಿಯಿತು. ತನ್ನ ಚಿತ್ರಗಳಿಗೆ ಹೊರದೇಶದಲ್ಲಿ ಕತ್ತರಿ ಹಾಕಗೊಡದ ಜಿಬ್ಲಿಯ ಹಟ ಈ ಕಹಿಯಿಂದ ಬಂದದ್ದು. ಪೂರ್ಣ ಚಿತ್ರದ ಇಂಗ್ಲಿಷ್ ಡಬ್ಬಿಂಗ್ ಬಂದದ್ದು 2005ರಲ್ಲಿ, ಡಿಸ್ನಿಯಿಂದ.

ಚಿತ್ರ ಬಂದಾಗ ಕಾಮಿಕ್ ಇನ್ನೂ ಆರಂಭದ ಹಂತದಲ್ಲಿತ್ತು. ನಡುನಡುವೆ ನಿಂತು 1994ರಲ್ಲಿ 7 ಸಂಪುಟಗಳಾಗಿ ಮುಗಿದ ಆ ಕೃತಿ ಚಿತ್ರದ ಸಮಾಧಾನವನ್ನೇ ಪ್ರಶ್ನಿಸುತ್ತದೆ. ಅಲ್ಲಿ ಶುದ್ಧೀಕರಿಸುವ ಕಾಡೂ ಹಿಂದಿನ ವಿಜ್ಞಾನಿಗಳ ನಿರ್ಮಾಣ. ಈಗಿನ ಮನುಷ್ಯರ ದೇಹ ವಿಷಕ್ಕೆ ಹೊಂದುವಂತೆ ಮಾರ್ಪಟ್ಟಿದ್ದು, ನಿರ್ಮಲ ಗಾಳಿಯಲ್ಲಿ ಅವರು ಬದುಕಲಾರರು. ಹಳೆಯ ಲೋಕ ಮುಂದಿನವರಿಗಾಗಿ ಕಾಯ್ದಿರಿಸಿದ್ದ ಆ ಯೋಜನೆಯನ್ನು ನೌಸಿಕಾ ಒಪ್ಪುವುದಿಲ್ಲ. ಅದರ ಒಡಲಾದ ಶುವಾದ ಸಮಾಧಿಯನ್ನು ದೈತ್ಯ ಯೋಧನ ಬಲದಿಂದಲೇ ಕೆಡವುತ್ತಾಳೆ.