ಯಶವಂತಪುರದ ರೋಮನ್ ನಾಣ್ಯಗಳು

ಬೆಂಗಳೂರಿನ ಚರಿತ್ರೆಯನ್ನು 1537ರ ಸುಮಾರಿಗೆ ಕೆಂಪೇಗೌಡರು ಕಟ್ಟಿಸಿದ ಕೋಟೆಯಿಂದ ಆರಂಭಿಸುವುದು ವಾಡಿಕೆ. ಅದಕ್ಕಿಂತ ಹದಿನಾಲ್ಕು ಹದಿನೈದು ಶತಮಾನಗಳಷ್ಟು ಹಿಂದಿನ ಸಾಕ್ಷ್ಯವೊಂದು ಇಂದಿನ ರಾಜಾಜಿನಗರಕ್ಕೆ ಹೊಂದಿಕೊಂಡಿರುವ ಯಶವಂತಪುರದ ನೆಲದಲ್ಲಿ ಅಡಗಿತ್ತು. 1891ರಲ್ಲಿ ರೈಲು ಕಾಮಗಾರಿಗಾಗಿ ಅಗೆಯುತ್ತಿದ್ದಾಗ ಅಲ್ಲಿ 163 ಬೆಳ್ಳಿಯ ನಾಣ್ಯಗಳು ಒಟ್ಟಿಗೆ ದೊರೆತವು. ಅವು ರೋಮ್ ಸಾಮ್ರಾಜ್ಯದ ‘ಡಿನೇರಿಯಸ್’ ಎಂಬ ನಾಣ್ಯಗಳು.

ಇಂತಹ ನಾಣ್ಯದ ಗುರುತು ಹಿಡಿಯುವುದು ಹೇಗೆ? ನಮ್ಮ ನಾಡಿನ ವರಾಹ, ಹಣಗಳ ಮೇಲೆ ಕಾಣುವ ಲಾಂಛನಗಳು ಇವುಗಳಲ್ಲಿಲ್ಲ. ಒಂದು ಮುಖದಲ್ಲಿ ಚಕ್ರವರ್ತಿಯ ಶಿರಸ್ಸು, ಅದರ ಸುತ್ತ ಲ್ಯಾಟಿನ್ ಬರಹ. ಹಿಂಬದಿಯಲ್ಲಿ ಗುರಾಣಿ, ಈಟಿಗಳೊಡನೆ ಇಬ್ಬರು ರಾಜಕುಮಾರರು ನಿಂತಿದ್ದರೆ ಅದು ಅಗಸ್ಟಸ್‌ನದು. ಆ ಇಬ್ಬರು ಅವನು ದತ್ತು ಪಡೆದ ಮಗಳ ಮಕ್ಕಳು. ಸ್ತ್ರೀಯೊಬ್ಬಳು ಆಸೀನಳಾಗಿದ್ದರೆ ಪ್ರಾಯಶಃ ಟೈಬೀರಿಯಸ್‌ನದು. ಭಾರತದಲ್ಲಿ ಹೆಚ್ಚಾಗಿ ದೊರೆತಿರುವುದು ಈ ಎರಡು ಬಗೆಗಳೇ. ತೂಕ ನಾಲ್ಕು ಗ್ರಾಮಿಗಿಂತ ತುಸು ಕಡಿಮೆ. ಬರಹವು ಓದಲಾಗದಂತೆ ಕೆಟ್ಟ ಗೀರುಗಳಾಗಿದ್ದರೆ ಅದು ಇಲ್ಲಿಯೇ ತಯಾರಾದ ಅನುಕರಣೆಯಾಗಿರಬಹುದು. ಅನುಕರಣೆ ಎಂದರೆ ಕೀಳೆಂದು ಬಗೆಯಬೇಕಾಗಿಲ್ಲ. ಪರದೇಶದ ನಾಣ್ಯಕ್ಕೆ ಇಲ್ಲಿ ಎಷ್ಟು ಮನ್ನಣೆಯಿತ್ತೆಂಬುದನ್ನು ಅದೂ ಹೇಳುತ್ತದೆ.

ಆದರೆ ಯಶವಂತಪುರದ ನಿಧಿಯ ಬೆಲೆ ಬಿಡಿ ನಾಣ್ಯಗಳಲ್ಲಿಲ್ಲ, ಅವು ಒಟ್ಟಿಗೆ ಇದ್ದುದರಲ್ಲಿದೆ. ಅಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನ ಅರಸರ ನಾಣ್ಯಗಳು ಅದರಲ್ಲಿದ್ದವು. ಕ್ಲಾಡಿಯಸ್ ಆಳಿದ್ದು ಕ್ರಿ.ಶ. 41ರಿಂದ 54ರವರೆಗೆ. ಆದ್ದರಿಂದ ಆ ಹಣವನ್ನು ನೆಲದಲ್ಲಿ ಹೂತಿಟ್ಟದ್ದು 41ಕ್ಕಿಂತ ಮೊದಲಲ್ಲ ಎಂಬುದು ನಿಶ್ಚಿತ. ಕೂಲಿಯಾಳುಗಳು ಕೈಗೆ ಸಿಕ್ಕಷ್ಟು ಹಂಚಿಕೊಂಡು, ಅಕ್ಕಸಾಲಿಗನ ಮೂಸೆಗೆ ಹಾಕಿಸಿದ್ದರೆ ಈ ಮಾತನ್ನು ಹೇಳಲು ಸಾಧ್ಯವಾಗುತ್ತಿರಲಿಲ್ಲ.

ಇಂದು ಹಾರೆ ಗುದ್ದಲಿಗಳ ಜೊತೆಗೆ ಲೋಹಶೋಧಕ ಯಂತ್ರವೂ ಬಂದಿದೆ. ಯಂತ್ರ ಸದ್ದು ಮಾಡಿದೆಡೆ ಅಗೆದು, ನಾಣ್ಯವೊಂದನ್ನು ಕಿಸೆಗೆ ಸೇರಿಸಿದವನು ‘ಇದರ ಒಡೆಯ ಸತ್ತು ಎರಡು ಸಾವಿರ ವರ್ಷವಾಯಿತು, ಯಾರದನ್ನು ಕದ್ದಂತಾಯಿತು?’ ಎಂದು ಕೇಳಬಹುದು. ಅಚೌರ್ಯಾಣುವ್ರತವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಟ್ಟದ್ದು, ಬಿದ್ದದ್ದು, ಮರೆತದ್ದು ಎಂಬ ಮೂರನ್ನೂ ಸೇರಿಸಿದ್ದಾರೆ. ಪರರದಾದ ಇವನ್ನು ಕೊಡದೆ ತೆಗೆದುಕೊಳ್ಳಬಾರದು. ಹೂತ ಹಣವು ‘ಇಟ್ಟದ್ದು’ ಅಲ್ಲವೆನ್ನಲು ಬಹಳ ಜಾಣತನ ಬೇಕು. ಇಲ್ಲಿ ಕಳವಾಗುವುದು ಬೆಳ್ಳಿಯಷ್ಟೇ ಅಲ್ಲ. ಅದು ಎಲ್ಲಿತ್ತು, ಯಾವುದರ ಜೊತೆಗಿತ್ತು ಎಂಬ ತಿಳಿವಳಿಕೆಯೂ ಹೋಗುತ್ತದೆ, ಅದನ್ನು ಮರಳಿ ಕೊಡಲು ಬರುವುದಿಲ್ಲ.

ನೆಲದಲ್ಲಿ ನಿಧಿ ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರ ಭಾರತೀಯ ನಿಧಿ ಕಾಯ್ದೆ ವಿಧಿಸಿತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯೇ ಇದೆ. ಬಸದಿಯ ಜೀರ್ಣೋದ್ಧಾರಕ್ಕೆಂದು ಪಾಯ ತೆಗೆಸುವ ಟ್ರಸ್ಟುಗಳು ಮೇಸ್ತ್ರಿಗೆ ಇದನ್ನು ಮೊದಲ ದಿನವೇ ತಿಳಿಸುವುದು ಒಳಿತು. ನಾಣ್ಯ ಕಂಡರೆ ಅಲ್ಲಿಗೇ ಅಗೆತ ನಿಲ್ಲಿಸಿ, ಜಾಗವನ್ನೂ ಆಳವನ್ನೂ ಬರೆದಿಡಬೇಕು. ಹುಣಸೆಹಣ್ಣು ಹಚ್ಚಿ ಬೆಳಗಲು ಮಾತ್ರ ಯಾರಿಗೂ ಕೊಡಬಾರದು. ಕಿಲುಬಿನೊಡನೆ ಅಕ್ಷರವೂ ಸವೆದುಹೋಗುತ್ತದೆ.