ಬಜೆ ಸಸ್ಯದ ತಳಿಭೇದ: ಕೊಡಗು ಜಿಲ್ಲೆಯ ಬೆಳೆಗಾರರಿಗೆ ಮಾಹಿತಿ

ಅಕೋರಸ್ ಕ್ಯಾಲಮಸ್ ಎಂಬ ವೈಜ್ಞಾನಿಕ ಹೆಸರಿನ ಬಜೆಯು ತೋಡಿನ ಅಂಚು, ಜೌಗು ಹಾಗೂ ನೀರು ನಿಲ್ಲುವ ಗದ್ದೆಗಳಲ್ಲಿ ಬೆಳೆಯುವ ಬಹುವಾರ್ಷಿಕ ಔಷಧಿ ಸಸ್ಯವಾಗಿದೆ. ರಾಜ್ಯದಲ್ಲಿ ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು ಇದರ ಸಾಗುವಳಿಗೆ ಹೆಸರಾಗಿದೆ. ಕೊಡಗಿನ ತಗ್ಗು ಗದ್ದೆಗಳೂ ಈ ಬೆಳೆಗೆ ಸೂಕ್ತವಾಗಿವೆ. ನಾಟಿಗೆ ಗೆಡ್ಡೆ ಪಡೆಯುವವರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ತಳಿಭೇದ
ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಬೇರೆ ಬೇರೆ ಪ್ರದೇಶಗಳ ಬಜೆಯು ವರ್ಣತಂತುಗಳ ಸಂಖ್ಯೆಯಲ್ಲಿ ಭಿನ್ನವಾಗಿರುತ್ತದೆ.
ಅ) ದ್ವಿಗುಣಿತ: 24 ವರ್ಣತಂತುಗಳು. ಮುಖ್ಯವಾಗಿ ಉತ್ತರ ಅಮೆರಿಕ ಮತ್ತು ಸೈಬೀರಿಯ.
ಆ) ತ್ರಿಗುಣಿತ: 36 ವರ್ಣತಂತುಗಳು. ಯುರೋಪು ಮತ್ತು ಭಾರತ.
ಇ) ಚತುರ್ಗುಣಿತ: 48 ವರ್ಣತಂತುಗಳು. ಭಾರತ ಮತ್ತು ಪೂರ್ವ ಏಷ್ಯಾ.
ತ್ರಿಗುಣಿತ ಬಜೆಯು ಬೀಜ ಕಟ್ಟುವುದಿಲ್ಲ, ಗೆಡ್ಡೆಯಿಂದಲೇ ವೃದ್ಧಿಯಾಗುತ್ತದೆ. ಆದುದರಿಂದ ಇಡೀ ಜೌಗಿನ ಗಿಡಗಳು ಒಂದೇ ಮೂಲದ ಸಂತತಿಯಾಗಿರುವುದುಂಟು. ಅಂತಹ ಜೌಗನ್ನು ಮುಚ್ಚಿದಲ್ಲಿ ಆ ತಳಿಯು ಅಲ್ಲಿಗೇ ನಶಿಸುವ ಸಂಭವವಿರುತ್ತದೆ.

2. ಎಣ್ಣೆಯ ಗುಣ
ಗೆಡ್ಡೆಯ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕವು ದ್ವಿಗುಣಿತ ತಳಿಯಲ್ಲಿ ಕಂಡುಬರುವುದಿಲ್ಲ. ತ್ರಿಗುಣಿತದಲ್ಲಿ ಸಾಮಾನ್ಯವಾಗಿ ಕಡಿಮೆ ಇದ್ದು, ಚತುರ್ಗುಣಿತದಲ್ಲಿ ಎಣ್ಣೆಯ ಬಹುಭಾಗವೇ ಇದಾಗಿರಬಹುದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ಎಣ್ಣೆಯು ಗೆಡ್ಡೆರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಕಾರಣವಾದುದರಿಂದ ಅಮೆರಿಕವು 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಶಿಶುಗಳಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿಯುಳ್ಳವರು ವೈದ್ಯರ ಸಲಹೆ ಪಡೆಯುವುದು ಅಗತ್ಯ. ಎಲೆ, ವಾಸನೆಗಳಿಂದ ತಳಿಯನ್ನು ಗುರುತಿಸಲಾಗದು. ಪ್ರಯೋಗಾಲಯದ ಪರೀಕ್ಷೆಯೇ ಆಧಾರ.

3. ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು
ಅ) ಗೆಡ್ಡೆ ತಂದ ಸ್ಥಳ ಹಾಗೂ ದಿನಾಂಕವನ್ನು ಬರೆದಿಡುವುದು.
ಆ) ಬೇರೆ ಬೇರೆ ಮೂಲದ ಗೆಡ್ಡೆಗಳನ್ನು ಒಂದೇ ಮಡಿಯಲ್ಲಿ ನಾಟಿ ಮಾಡದಿರುವುದು.
ಇ) ಮಾರಾಟಕ್ಕೆ ಮುನ್ನ ಪ್ರತಿ ಮೂಲದ ಎಣ್ಣೆಯನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸುವುದು.
ಈ) ಅರಣ್ಯ ಪ್ರದೇಶದಿಂದ ಅನುಮತಿಯಿಲ್ಲದೆ ಗೆಡ್ಡೆ ಕೀಳದಿರುವುದು.

4. ಮೂಲ ಪ್ರಮಾಣಪತ್ರ
ಜೈವಿಕ ವೈವಿಧ್ಯ ಕಾಯ್ದೆ, 2002ಕ್ಕೆ 2023ರಲ್ಲಿ ಮಾಡಲಾದ ತಿದ್ದುಪಡಿಯಂತೆ ಸಾಗುವಳಿ ಮಾಡಿದ ಔಷಧಿ ಸಸ್ಯಗಳಿಗೆ ವಿನಾಯಿತಿ ಕೋರುವವರು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಿಂದ ಮೂಲ ಪ್ರಮಾಣಪತ್ರ ಪಡೆಯಬೇಕಾಗಿರುತ್ತದೆ. ಗೆಡ್ಡೆಯ ಮೂಲದ ಲಿಖಿತ ವಿವರವು ಇದಕ್ಕೂ ಸಹಕಾರಿಯಾಗುತ್ತದೆ. ತಮ್ಮ ಗ್ರಾಮದ ಜೌಗುಗಳಲ್ಲಿರುವ ಬಜೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವಂತೆಯೂ ಸಾರ್ವಜನಿಕರು ಸಮಿತಿಯನ್ನು ಕೋರಬಹುದು.

ಹೆಚ್ಚಿನ ಮಾಹಿತಿಗೆ ಆಯಾ ತಾಲ್ಲೂಕಿನ ತೋಟಗಾರಿಕೆ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.