ಒಂದು ತುಂಡು ವಾಜಿಕ್, ಎರಡು ಥರದ ಸಿಹಿ

ಇವತ್ತು ಒಂದು ಸಿಹಿತಿಂಡಿಯ ಇತಿಹಾಸ ನೋಡೋಣ. ಇಸ್ಪೀಟ್ ಆಡುವಾಗ ನಾವು ಡೈಮಂಡ್ ಅಂತೀವಲ್ಲ, ಅದಕ್ಕೆ ಇಂಡೋನೇಷ್ಯಾದಲ್ಲಿ ‘ವಾಜಿಕ್’ ಅಂತಾರೆ. ಅದೇ ಆಕಾರಕ್ಕೆ ಕತ್ತರಿಸುವ, ಜಾವಾ ದ್ವೀಪದ ಹಳೆಯ ಸಿಹಿಯೊಂದರ ಹೆಸರೂ ವಾಜಿಕ್. ಕಂದು ಬಣ್ಣ, ಮೇಲೆ ಎಣ್ಣೆಯ ಹೊಳಪು, ಮುಟ್ಟಿದರೆ ಕೈಗೆ ಅಂಟುವ ಅನ್ನ.

ಇದಕ್ಕೆ ಬೇಕಾದ ಅಕ್ಕಿ ‘ಕೆತಾನ್’, ಅಂದರೆ ಅಂಟಕ್ಕಿ. ಮಾಮೂಲಿ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎರಡೂ ಇರುತ್ತವೆ. ಕೆತಾನ್‌ನಲ್ಲಿ ಹೆಚ್ಚುಕಡಿಮೆ ಎರಡನೆಯದೇ ಎಲ್ಲ. ಆ ಅಂಟಿಗೆ ಅದೇ ಕಾರಣ. ಅಕ್ಕಿಯನ್ನು ನೆನೆಸಿ ಹಬೆಯಲ್ಲಿ ಬೇಯಿಸುತ್ತಾರೆ. ತೆಂಗಿನಹಾಲು, ಬೆಲ್ಲ, ನಮ್ಮ ಕೇದಗೆಯ ಬಳಗದ ಪಾಂಡಾನ್ ಎಲೆ ಹಾಕಿ ಬೇರೆ ಪಾಕ ಕುದಿಸಿ, ಬೆಂದ ಅಕ್ಕಿಯನ್ನು ಅದಕ್ಕೆ ಸೇರಿಸಿ, ನೀರಿನಂಶ ಆರುವ ತನಕ ಮಗುಚುತ್ತಾರೆ. ಮೊದಲೇ ಬೆಲ್ಲ ಹಾಕಿದರೆ ಅಕ್ಕಿ ಬೇಯೋದಿಲ್ಲ. ಸಿಹಿ ಪೊಂಗಲ್ ಮಾಡುವವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಜಾವಾದ ಮದುವೆಗಳಲ್ಲಿ ವಾಜಿಕ್ ಇಡುವ ವಾಡಿಕೆ ಇದೆ. ಗಂಡ ಹೆಂಡತಿ ಹೀಗೇ ಅಂಟಿಕೊಂಡಿರಲಿ ಅಂತ.

ಈಗ ಆ ಬೆಲ್ಲದ ವಿಷಯಕ್ಕೆ ಬರೋಣ. ಅದು ಕಬ್ಬಿನದಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸದ್ದು, ಇಲ್ಲವೇ ‘ಆರೆನ್’ ಅನ್ನುವ ತಾಳೆ ಜಾತಿಯ ಮರದ್ದು. ಆ ರಸಕ್ಕೆ ಅಲ್ಲಿ ‘ನಿರಾ’ ಅಂತಾರೆ. ಮುಂಬೈ, ಪುಣೆಯಲ್ಲಿರುವ ನಮಗೆ ‘ನೀರಾ’ ಗೊತ್ತಲ್ಲ, ಅದೇ. ಬೆಲ್ಲದ ಹೆಸರು ‘ಗುಲಾ ಜಾವಾ’. ಈ ‘ಗುಲಾ’ ಬಂದದ್ದು ಸಂಸ್ಕೃತದ ‘ಗುಡ’ದಿಂದ.

ನನ್ನನ್ನು ಕಾಡಿದ ಪ್ರಶ್ನೆ ಇಲ್ಲಿದೆ. ಒಂದು ಕಾಲಕ್ಕೆ ಕಬ್ಬಿನ ಸಕ್ಕರೆ ರಫ್ತಿನಲ್ಲಿ ಕ್ಯೂಬಾ ಬಿಟ್ಟರೆ ಜಾವಾವೇ. ಅಂಥ ದ್ವೀಪದ ಮದುವೆಯ ಸಿಹಿಗೆ ಕಬ್ಬಿನ ಸಕ್ಕರೆ ಯಾಕಿಲ್ಲ?

1830ರಲ್ಲಿ ಡಚ್ ಗವರ್ನರ್ ಜನರಲ್ ಯೊಹಾನೆಸ್ ಫಾನ್ ಡೆನ್ ಬಾಸ್ ಒಂದು ಪದ್ಧತಿ ತಂದ. ಪ್ರತಿ ಊರೂ ತನ್ನ ಜಮೀನಿನ ಐದನೇ ಒಂದು ಭಾಗದಲ್ಲಿ ಕಬ್ಬು, ನೀಲಿಯಂಥ ರಫ್ತಿನ ಬೆಳೆ ಬೆಳೆದು ಸರ್ಕಾರಕ್ಕೆ ಕೊಡಬೇಕು. ಇದು ಕಾಗದದ ಮೇಲಿನ ಲೆಕ್ಕ; ಎಷ್ಟೋ ಕಡೆ ಅದನ್ನೂ ಮೀರಿತು. ಕಬ್ಬಿಗೆ ಬೇಕಾದದ್ದು ಭತ್ತದ ಗದ್ದೆಯೇ, ಭತ್ತದ ನೀರೇ, ಭತ್ತ ಬೆಳೆಯುವವನ ರಟ್ಟೆಯೇ. 1840ರ ದಶಕದಲ್ಲಿ ಚಿರೆಬೋನ್, ದೆಮಾಕ್, ಗ್ರೋಬೋಗನ್ ಕಡೆ ಕ್ಷಾಮ ಬಂತು. ಬೆಳೆ ಹೋದದ್ದರ ಜೊತೆಗೆ ಬಲವಂತದ ದುಡಿಮೆ, ಕಂದಾಯದ ಹೊರೆ ಸೇರಿ ಜನ ಸತ್ತರು. ಸಕ್ಕರೆ ಹಡಗು ಹತ್ತಿತು, ಅದರ ಲಾಭ ನೆದರ್‌ಲ್ಯಾಂಡ್ಸ್‌ನ ಸಾಲ ತೀರಿಸಿತು, ಅಲ್ಲಿ ರೈಲುಹಾದಿ ಹಾಕಿತು.

ಹಿತ್ತಲಿನ ತೆಂಗು ಈ ಲೆಕ್ಕದ ಹೊರಗೆ ಉಳೀತು. ಅದಕ್ಕೆ ಕಾಲುವೆ ಬೇಡ, ಕಾರ್ಖಾನೆ ಬೇಡ. ಮರ ಹತ್ತುವವನೊಬ್ಬ, ಒಂದು ಬಾಣಲೆ, ಸೌದೆ, ಅಚ್ಚಿಗೆ ಕರಟ, ಇಷ್ಟಾದರೆ ಸಾಕು. ಹಳೆಯ ರುಚಿಯ ಮೇಲಿನ ಪ್ರೀತಿಯೂ ಕಾರಣ ನಿಜ. ಆದರೆ ಊರಿನ ಕೈಯಲ್ಲೇ ಉಳಿದ ಸಿಹಿ ಇದೊಂದೇ ಅಂತ ನನಗನ್ನಿಸುತ್ತೆ.

ಈ ಕಥೆಯ ಇನ್ನೊಂದು ತುದಿ ನಮ್ಮ ಮನೆಯಲ್ಲಿದೆ. 1920ರ ದಶಕದಲ್ಲಿ ಜಾವಾ ಸಕ್ಕರೆಯ ದೊಡ್ಡ ಗಿರಾಕಿ ಭಾರತ. 1932ರಲ್ಲಿ ಇಲ್ಲಿನ ಸಕ್ಕರೆ ಉದ್ಯಮದ ರಕ್ಷಣೆಗೆ ಕಾನೂನು ಬಂತು, ಆಮದು ಸಕ್ಕರೆಗೆ ಭಾರಿ ಸುಂಕ ಬಿತ್ತು. ಮರುವರ್ಷ, 1933ರಲ್ಲಿ, ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಮ್ಮ ತಾತ ಆ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು. ನನ್ನ ಎಂಟೆಕ್ ಫೀಸಿನ ತನಕ ನಮ್ಮ ಮನೆ ನಡೆದದ್ದು ಕಬ್ಬಿನ ದುಡ್ಡಲ್ಲೇ.

ಅದೇ ಹೊತ್ತಿಗೆ ಜಾವಾದಲ್ಲಿ ಏನಾಯ್ತು? ಜಗತ್ತಿನ ಆರ್ಥಿಕ ಕುಸಿತ, 1931ರ ರಫ್ತು ಮಿತಿಯ ಒಪ್ಪಂದ, ಮೇಲೆ ಭಾರತದ ಮಾರುಕಟ್ಟೆಯೂ ಕೈತಪ್ಪಿತು. ಸುಮಾರು 180 ಇದ್ದ ಕಾರ್ಖಾನೆಗಳಲ್ಲಿ, 1930ರ ದಶಕದ ಮಧ್ಯದ ಹೊತ್ತಿಗೆ ನಡೆಯುತ್ತಿದ್ದದ್ದು ಐವತ್ತಕ್ಕೂ ಕಡಿಮೆ. ಮೊದಲು ಬಲವಂತಕ್ಕೆ ಕಬ್ಬು ಬೆಳೆದ ಊರುಗಳು, ಆಮೇಲೆ ಆ ಕೂಲಿಯನ್ನೇ ನಂಬಿದ್ದವು. ಈಗ ಅದೂ ಹೋಯ್ತು. ಮಂಡ್ಯದ ಕಾರ್ಖಾನೆ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಆದರೆ ನಮ್ಮ ತಾತನ ಗಾಡಿ ತುಂಬಿದ ಕಾಲದಲ್ಲೇ ಜಾವಾದ ಯಾರದೋ ತಾತನ ಕೈ ಖಾಲಿಯಾಯ್ತು ಅನ್ನೋದು ನನಗೆ ಮೂವತ್ತು ದಾಟುವ ತನಕ ಗೊತ್ತಿರಲಿಲ್ಲ.

ಜಾವಾದ ಜನಪದರ ಒಂದು ಪ್ರಾಸದ ಮಾತಿನಲ್ಲಿ ವಾಜಿಕ್ಕೂ ಗುಲಾ ಜಾವಾವೂ ಜೊತೆಯಾಗಿ ಬರುತ್ತವೆ. ಸರಳವಾಗಿ ಇರೋದೇ ಮೇಲು ಅನ್ನೋದು ಅದರ ತಾತ್ಪರ್ಯ. ಜಗತ್ತಿಗೆಲ್ಲ ಸಕ್ಕರೆ ಕಳಿಸಿದ ಜನ ಅದನ್ನ ಹೇಳುವಾಗ ನನಗೆ ಆ ಮಾತು ಬರೀ ನೀತಿಪಾಠ ಅನ್ನಿಸೋದಿಲ್ಲ.

ನಿಮ್ಮ ಮನೆಯಲ್ಲಿ ಸಕ್ಕರೆ ಬೇಡ, ಬೆಲ್ಲವೇ ಆಗಬೇಕು ಅಂತ ಅಜ್ಜಿ ಹಟ ಹಿಡಿಯುವ ಸಿಹಿ ಯಾವುದು? ಯಾಕೆ ಅಂತ ಒಮ್ಮೆ ಕೇಳಿ ನೋಡಿ.